ಹಿನ್ನೀರಿನ ಆಸ್ಪ್ರೇ ಊರು ಬಿಟ್ಟ ಮೇಲೆ: ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಅದರ ಜಾಡು ಹಿಡಿಯುವುದು ಹೇಗೆ?

ಆಸ್ಪ್ರೇ, ಅಂದರೆ ಚಳಿಗಾಲಕ್ಕೆ ನಮ್ಮಲ್ಲಿಗೆ ವಲಸೆ ಬರುವ ಮೀನು ಹಿಡಿಯುವ ಗಿಡುಗ, ನೋಡಬೇಕೆಂದು ಭದ್ರಾ ಹಿನ್ನೀರಿಗೆ ಬರುವವರು ಹೆಚ್ಚಾಗಿ ಡಿಸೆಂಬರ್, ಜನವರಿಯಲ್ಲಿ ಬರುತ್ತಾರೆ. ಹಕ್ಕಿ ನೀರಿಗೆ ಬಿದ್ದು ಮೀನೆತ್ತುವ ಒಂದು ಫೋಟೊ ಸಿಕ್ಕಿತೋ, ಆ ವರ್ಷದ ಆಸ್ಪ್ರೇ ಅಧ್ಯಾಯ ಅಲ್ಲಿಗೆ ಮುಗಿಯಿತು. ಆದರೆ ಈ ಹಕ್ಕಿಯ ಬದುಕಿನ ಮುಖ್ಯ ಭಾಗ ಶುರುವಾಗುವುದೇ ಅದು ನಮ್ಮ ಕಣ್ಣಿಗೆ ಮರೆಯಾದ ಮೇಲೆ. ಮಾರ್ಚ್, ಏಪ್ರಿಲ್‌ನಲ್ಲಿ ಅದು ಉತ್ತರಕ್ಕೆ ಹೊರಡುತ್ತದೆ. ನಮ್ಮಲ್ಲಿ ಅಡಿಕೆ ತೋಟಕ್ಕೆ ಔಷಧಿ ಹೊಡೆಯುವ ಹೊತ್ತಿಗೆ ಅಲ್ಲಿ ಮರಿಗಳಿಗೆ ಮೀನು ತಿನ್ನಿಸುತ್ತಿರುತ್ತದೆ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಹೊತ್ತಿಗೆ ಮತ್ತೆ ನಮ್ಮ ನೀರಿಗೆ ಬರುತ್ತದೆ.

ಹಕ್ಕಿಯ ಬೆನ್ನಿಗೆ ಟ್ರಾನ್ಸ್‌ಮಿಟರ್ ಕಟ್ಟಿ ಹಿಂಬಾಲಿಸುವುದು ಅನುಮತಿ ಪಡೆದ ಸಂಶೋಧಕರ ಕೆಲಸ. ಆಸ್ಪ್ರೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಹಕ್ಕಿ; ಮುಟ್ಟುವ ಮಾತೇ ಇಲ್ಲ. ನಮ್ಮಂಥವರ ಕೈಲಾಗುವುದು ಬೇರೆ. ಹಕ್ಕಿ ನಮ್ಮ ಊರಿನಲ್ಲಿ ಕಂಡ ಕೊನೆಯ ದಿನ ಮತ್ತು ಮರಳಿ ಕಂಡ ಮೊದಲ ದಿನ, ಈ ಎರಡನ್ನು ನಾವು ಸರಿಯಾಗಿ ಬರೆದಿಡಬಹುದು. ನಡುವಿನ ಆರು ತಿಂಗಳನ್ನು ಸಾರ್ವಜನಿಕವಾಗಿ ಸಿಗುವ ನಕಾಶೆಗಳಲ್ಲಿ, ಗೂಡಿನ ಕ್ಯಾಮೆರಾಗಳಲ್ಲಿ ನೋಡಬಹುದು. ಬೇಕಾಗುವ ಸಾಮಾನು ಹೆಚ್ಚಿಲ್ಲ: 8x42 ಅಥವಾ 10x42 ದುರ್ಬೀನು, ಒಂದು ನೋಟ್‌ಬುಕ್, ಮೊಬೈಲ್. ದೊಡ್ಡ ಲೆನ್ಸ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ.

ಮೊದಲು, ಅದು ಆಸ್ಪ್ರೇ ಹೌದೋ ಅಲ್ಲವೋ

ಬಿಳಿ ತಲೆ, ಕಣ್ಣಿನ ಮೂಲಕ ಕತ್ತಿನವರೆಗೆ ಇಳಿಯುವ ದಟ್ಟ ಕಂದು ಪಟ್ಟಿ, ಕಂದು ಬೆನ್ನು, ಬಿಳಿ ಹೊಟ್ಟೆ, ಹಳದಿ ಕಣ್ಣು. ರೆಕ್ಕೆಯಗಲ ಒಂದೂವರೆ ಮೀಟರ್‌ಗೂ ಹೆಚ್ಚು; ಆದರೆ ರೆಕ್ಕೆ ಸಪೂರ. ಮಣಿಕಟ್ಟಿನ ಹತ್ತಿರ ಬಾಗಿರುವುದರಿಂದ ಎದುರಿನಿಂದ ನೋಡಿದರೆ ಇಂಗ್ಲಿಷಿನ ಎಂ ಅಕ್ಷರದ ಹಾಗೆ ಕಾಣುತ್ತದೆ. ಹಾರುವಾಗ ಕೆಳಗಿನಿಂದ ಆ ಮಣಿಕಟ್ಟಿನ ಜಾಗದಲ್ಲಿ ಕಪ್ಪು ಮಚ್ಚೆ ಎದ್ದು ಕಾಣುತ್ತದೆ.

ನಮ್ಮ ಕಡೆ ಗೊಂದಲ ಹುಟ್ಟಿಸುವ ಹಕ್ಕಿಗಳು ಮುಖ್ಯವಾಗಿ ಮೂರು. ಗರುಡದ ಎಳೆಯ ಹಕ್ಕಿ ಕಂದು ಬಣ್ಣದ್ದು, ಮೀನನ್ನೂ ಹಿಡಿಯುತ್ತದೆ. ಆದರೆ ನೀರಿನ ಮೇಲ್ಮೈಯಿಂದ ಗೀಚಿಕೊಂಡು ಹೋಗುತ್ತದೆಯೇ ಹೊರತು ಮೈಯೆಲ್ಲ ಮುಳುಗುವಂತೆ ಬೀಳುವುದಿಲ್ಲ. ಜೌಗಿನ ಮೇಲೆ ತಗ್ಗಿನಲ್ಲಿ ಹಾರುವ ಮಾರ್ಷ್ ಹ್ಯಾರಿಯರ್‌ನ ಹೆಣ್ಣಿಗೆ ಕೆನೆ ಬಣ್ಣದ ತಲೆ ಇದೆ. ದೂರದಿಂದ ‘ಬಿಳಿ ತಲೆ’ ಎಂದು ಬರೆದುಕೊಳ್ಳುವವರು ಹೆಚ್ಚಾಗಿ ನೋಡಿರುವುದು ಇದನ್ನೇ. ಇದರ ಹೊಟ್ಟೆ ಕಂದು, ಆಸ್ಪ್ರೇಯ ಹೊಟ್ಟೆ ಬಿಳಿ, ಅಷ್ಟು ನೋಡಿದರೆ ಸಾಕು. ಮೂರನೆಯದು ಬೂದುತಲೆಯ ಮೀನುಗಿಡುಗ. ತಲೆ ಬೂದು, ಎದೆ ಕಂದು, ಕೆಳಹೊಟ್ಟೆ ಮತ್ತು ಬಾಲ ಬಿಳಿ, ಬಾಲದ ತುದಿಗೆ ಅಗಲವಾದ ಕಪ್ಪು ಪಟ್ಟಿ. ಇದು ವರ್ಷವಿಡೀ ಇಲ್ಲೇ ಇರುವ ಹಕ್ಕಿ, ಗೂಡೂ ಇಲ್ಲೇ. ಮುಂದೆ ಇದರ ವಿಷಯ ಮತ್ತೆ ಬರುತ್ತದೆ.

ಬೇಟೆ ನೋಡಲು ಸಿಕ್ಕರೆ ಅನುಮಾನಕ್ಕೆ ಜಾಗವೇ ಇಲ್ಲ. ಆಸ್ಪ್ರೇ ಎತ್ತರದಲ್ಲಿ ರೆಕ್ಕೆ ಬಡಿಯುತ್ತ ಒಂದೇ ಕಡೆ ನಿಲ್ಲುತ್ತದೆ, ಕಾಲು ಮುಂದೆ ಚಾಚಿ ಬೀಳುತ್ತದೆ, ಒಮ್ಮೊಮ್ಮೆ ಪೂರ್ತಿ ಮುಳುಗಿ ಏಳುತ್ತದೆ. ಮೇಲೆದ್ದ ಮೇಲೆ ನಾಯಿಯ ಹಾಗೆ ಮೈ ಕೊಡವಿ, ಮೀನನ್ನು ತಲೆ ಮುಂದಾಗಿ ತಿರುಗಿಸಿ ಹಿಡಿದುಕೊಂಡು ಹೋಗುತ್ತದೆ. ಹೊರಬೆರಳನ್ನು ಹಿಂದಕ್ಕೂ ತಿರುಗಿಸಬಲ್ಲದು, ಪಾದದಡಿ ಮುಳ್ಳಿನಂಥ ಒರಟು ಇದೆ. ಜಾರುವ ಜಿಲೇಬಿ ಮೀನು ಕೈ ತಪ್ಪದಿರುವುದು ಅದರಿಂದ.

ಮೀನುಗಾರರನ್ನು ಕೇಳುವುದಾದರೆ ‘ಆಸ್ಪ್ರೇ ನೋಡಿದ್ರಾ’ ಎಂದು ಕೇಳಬೇಡಿ. ‘ಅಣ್ಣಾ, ಮೇಲಿಂದ ಕಾಲು ಮುಂದೆ ಮಾಡ್ಕೊಂಡು ನೀರಿಗೆ ಬೀಳೋ ಗಿಡುಗ ಈ ವಾರ ಬಂದಿತ್ತಾ?’ ಎಂದು ಕೇಳಿ. ತೆಪ್ಪದ ಮೇಲೆ ಬೆಳಗಿನ ಜಾವದಿಂದ ಇರುವ ಅವರಿಗೆ ಯಾವ ಬೊಡ್ಡೆಯ ಮೇಲೆ ಯಾವ ಹಕ್ಕಿ ಕೂರುತ್ತದೆ ಎಂಬುದು ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಜಾಗ ಒಂದೇ ಸಾಕು, ಆದರೆ ಹತ್ತಿರದ್ದಾಗಿರಲಿ

ಆಸ್ಪ್ರೇಗೆ ಬೇಕಾದುದು ತಿಳಿನೀರು, ಮೇಲ್ಮೈಗೆ ಬರುವ ಮೀನು, ಕೂತು ತಿನ್ನಲು ಎತ್ತರದ ಒಣಮರ. ಮಲೆನಾಡಿನ ಅಣೆಕಟ್ಟುಗಳ ಹಿನ್ನೀರಿನಲ್ಲಿ ಈ ಮೂರೂ ಇವೆ. ಮುಳುಗಿದ ಕಾಡಿನ ಸತ್ತ ಮರಗಳು ಇನ್ನೂ ನೀರಿನ ನಡುವೆ ನಿಂತಿವೆ.

ಭದ್ರಾ ಜಲಾಶಯ ಎಲ್ಲರಿಗೂ ಗೊತ್ತಿರುವ ಜಾಗ. ಲಕ್ಕವಳ್ಳಿಯಿಂದ ಜಂಗಲ್ ಲಾಡ್ಜಸ್‌ನ ದೋಣಿ ಸಫಾರಿ ಇದೆ. ಹಿನ್ನೀರಿನ ಬಹುಭಾಗ ಭದ್ರಾ ಹುಲಿ ಸಂರಕ್ಷಿತ ಪ್ರದೇಶಕ್ಕೆ ಹೊಂದಿಕೊಂಡಿರುವುದರಿಂದ ನಮ್ಮಷ್ಟಕ್ಕೆ ನಾವು ದೋಣಿ ಇಳಿಸುವಂತಿಲ್ಲ. ಶರಾವತಿಯ ಲಿಂಗನಮಕ್ಕಿ ಹಿನ್ನೀರು ಇದಕ್ಕಿಂತ ವಿಶಾಲ. ಸಿಗಂದೂರು ಸೇತುವೆ 2025ರ ಜುಲೈನಲ್ಲಿ ತೆರೆದ ಮೇಲೆ ಜನ ಸರ್ರನೆ ದಾಟಿಹೋಗುತ್ತಾರೆ; ಆದರೆ ನೀರು ನೋಡಲು ಸೇತುವೆಗಿಂತ ಅಂಬಾರಗೋಡ್ಲು ಕಡೆಯ ದಡವೇ ವಾಸಿ. ಹೊನ್ನೆಮರಡು ಕಡೆಯಿಂದಲೂ ಒಳ್ಳೆಯ ನೋಟ ಸಿಗುತ್ತದೆ.

ಶಿವಮೊಗ್ಗದಲ್ಲಿ ಇರುವವರಿಗೆ ನನ್ನ ಸಲಹೆ ಮಾತ್ರ ಗಾಜನೂರು. ತೀರ್ಥಹಳ್ಳಿ ರಸ್ತೆಯಲ್ಲಿ, ಸಕ್ರೆಬೈಲು ಆನೆ ಬಿಡಾರದ ಆಸುಪಾಸಿನಲ್ಲಿ ತುಂಗೆಯ ಹಿನ್ನೀರು ರಸ್ತೆಗೇ ತಾಗಿಕೊಂಡಂತಿದೆ. ಭದ್ರೆಯಲ್ಲಿ ಹಕ್ಕಿ ಕಾಣುವ ಸಂಭವ ಹೆಚ್ಚು ನಿಜ. ಆದರೆ ಈ ಕೆಲಸಕ್ಕೆ ಬೇಕಾದುದು ವರ್ಷಕ್ಕೊಮ್ಮೆಯ ಸಫಾರಿ ಅಲ್ಲ, ವಾರಕ್ಕೆರಡು ಬಾರಿಯ ಭೇಟಿ. ಬಸ್ಸಿನಲ್ಲಿ ಹೋಗಿ ಎರಡು ತಾಸು ನೋಡಿ ಹತ್ತು ಗಂಟೆಯೊಳಗೆ ಮನೆಗೆ ಬರಬಹುದಾದ ಜಾಗದ ಮುಂದೆ ಎಂಥ ಒಳ್ಳೆಯ ಜಾಗವೂ ಸೋಲುತ್ತದೆ. ಅದೇ ರಸ್ತೆಯಲ್ಲಿ ಮುಂದಿರುವ ಮಂಡಗದ್ದೆ ಪಕ್ಷಿಧಾಮ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳ ಮಳೆಗಾಲದ ಗೂಡಿನ ಜಾಗ, ಈ ಲೆಕ್ಕಕ್ಕೆ ಬರುವುದಿಲ್ಲ.

ಪ್ರತಿ ಭೇಟಿಯ ದಿನ ಪತ್ರಿಕೆಯಲ್ಲಿ ಬರುವ ಜಲಾಶಯ ಮಟ್ಟವನ್ನೂ ಬರೆದಿಡಿ. ಭದ್ರೆಯ ಗರಿಷ್ಠ 186 ಅಡಿ, ಲಿಂಗನಮಕ್ಕಿಯದು 1819 ಅಡಿ. ಬೇಸಿಗೆಯಲ್ಲಿ ನಾಲೆಗೆ ನೀರು ಬಿಟ್ಟು ಮಟ್ಟ ಇಳಿದ ಹಾಗೆ ಹೊಸ ಬೊಡ್ಡೆಗಳು ಮೇಲೇಳುತ್ತವೆ, ನೀರಿನ ಅಂಚು ದೂರ ಸರಿಯುತ್ತದೆ, ಹಕ್ಕಿಯೂ ಕೂರುವ ಜಾಗ ಬದಲಿಸುತ್ತದೆ. ‘ಮಾಮೂಲಿ ಮರದ ಮೇಲೆ ಇಲ್ಲ, ಹೊರಟುಹೋಯಿತು’ ಎಂದು ಮಾರ್ಚ್‌ನಲ್ಲಿ ಬರೆದುಬಿಡುವ ಮುಂಚೆ ನೀರು ಎಷ್ಟು ಇಳಿದಿದೆ ಎಂದು ನೋಡಿ.

ಹಕ್ಕಿಗೊಂದು ಜಾತಕ ಬರೆಯಿರಿ

ಚಳಿಗಾಲ ಕಳೆಯಲು ಬರುವ ಆಸ್ಪ್ರೇಗಳು ವರ್ಷ ವರ್ಷ ಅದೇ ಜಾಗಕ್ಕೆ ಮರಳುವುದು ಟ್ಯಾಗ್ (ಟ್ರಾನ್ಸ್‌ಮಿಟರ್) ಹಾಕಿದ ಹಕ್ಕಿಗಳಿಂದ ಚೆನ್ನಾಗಿ ತಿಳಿದುಬಂದ ಸಂಗತಿ. ಹಾಗಾಗಿ ನಿಮ್ಮ ಹಿನ್ನೀರಿನಲ್ಲಿ ಒಂದು ಹಕ್ಕಿ ಇದ್ದರೆ ಅದನ್ನು ಒಬ್ಬ ವ್ಯಕ್ತಿಯಂತೆ ಗುರುತಿಡುವುದು ಲಾಭದ ಕೆಲಸ. ನೆತ್ತಿಯ ಮೇಲಿನ ಕಂದು ಗೆರೆಗಳ ವಿನ್ಯಾಸ, ಎದೆಪಟ್ಟಿ ಎಷ್ಟು ದಪ್ಪ, ಯಾವ ರೆಕ್ಕೆಯಲ್ಲಿ ಯಾವ ಗರಿ ಉದುರಿದೆ, ಇವುಗಳ ರೇಖಾಚಿತ್ರ ಅಥವಾ ಫೋಟೊ ಇರಲಿ. ಉದುರಿದ ಗರಿ ಕೆಲವು ವಾರಗಳ ಗುರುತು ಮಾತ್ರ. ನೆತ್ತಿಯ ವಿನ್ಯಾಸ ಹೆಚ್ಚು ನಂಬಬಹುದಾದ್ದು. ಎದೆಪಟ್ಟಿ ದಪ್ಪಗಿದ್ದು ಹಕ್ಕಿ ದೊಡ್ಡದಾಗಿ ಕಂಡರೆ ಹೆಣ್ಣಿರಬಹುದು, ಆದರೆ ಪಕ್ಕದಲ್ಲಿ ಇನ್ನೊಂದಿಲ್ಲದೆ ಖಚಿತವಾಗಿ ಹೇಳುವುದು ಕಷ್ಟ. ಎರಡು ಹಕ್ಕಿ ಒಂದೇ ಒಣಮರದ ಮೇಲೆ ಕೂತರೆ ಗಂಡ ಹೆಂಡತಿ ಎಂದು ಬರೆಯಬೇಡಿ. ಜೋಡಿಗಳು ಚಳಿಗಾಲವನ್ನು ಸಾಮಾನ್ಯವಾಗಿ ಬೇರೆ ಬೇರೆ ಕಳೆಯುತ್ತವೆ, ಗೂಡಿನ ಹತ್ತಿರವೇ ಮತ್ತೆ ಭೇಟಿ.

ವಯಸ್ಸು ಇನ್ನೂ ಮುಖ್ಯ. ಆ ವರ್ಷದ ಮರಿಯಾದರೆ ಬೆನ್ನಿನ ಗರಿಗಳಿಗೆಲ್ಲ ಬಿಳಿ ಅಂಚು ಇರುತ್ತದೆ, ಬೆನ್ನು ಮೀನಿನ ಹುರುಪೆಯಂತೆ ಕಾಣುತ್ತದೆ, ಕಣ್ಣು ಕಿತ್ತಳೆ ಛಾಯೆಯದು. ಚಳಿಗಾಲ ಕಳೆಯುವಷ್ಟರಲ್ಲಿ ಈ ಅಂಚು ಸವೆದುಹೋಗುತ್ತದೆ, ಆದ್ದರಿಂದ ವಯಸ್ಸನ್ನು ಅಕ್ಟೋಬರ್, ನವೆಂಬರ್‌ನಲ್ಲೇ ಬರೆದಿಡಬೇಕು. ಯಾಕಿಷ್ಟು ಗಡಿಬಿಡಿ ಎಂದರೆ, ಎಳೆಯ ಹಕ್ಕಿಗಳು ಮೊದಲ ಬೇಸಿಗೆಯಲ್ಲಿ ಹೊರಡುವುದೇ ಇಲ್ಲ. ಹುಟ್ಟಿದ ಕಡೆಗೆ ಮರಳುವುದು ಎರಡು, ಮೂರು ವರ್ಷ ತುಂಬಿದ ಮೇಲೆ. ಮೊದಲ ಸಂಸಾರ ಮೂರರಿಂದ ಐದು ವರ್ಷಕ್ಕೆ. ಮೇ ತಿಂಗಳಲ್ಲಿ ಲಿಂಗನಮಕ್ಕಿಯಲ್ಲಿ ಆಸ್ಪ್ರೇ ಕಂಡಿತು ಎಂದು ಯಾರಾದರೂ ಹೇಳಿದರೆ ಅದು ಹೆಚ್ಚಾಗಿ ಇಂಥ ಹುಡುಗಾಟದ ವಯಸ್ಸಿನದು.

ಕಾಲಿನ ಮೇಲೆ ಒಂದು ಕಣ್ಣಿರಲಿ. ಸಂಶೋಧಕರು ಗುರುತಿಗೆ ತೊಡಿಸಿದ ಬಳೆ ಕಂಡರೆ ಎಡಗಾಲೋ ಬಲಗಾಲೋ, ಲೋಹದ್ದೋ ಬಣ್ಣದ ಪ್ಲಾಸ್ಟಿಕ್ಕೋ, ಅಕ್ಷರ ಯಾವ ದಿಕ್ಕಿಗೆ ಓದುತ್ತದೆ, ಎಲ್ಲವನ್ನೂ ಬರೆದು, ಮಸುಕಾದ ಫೋಟೊ ಆದರೂ ಸರಿ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿ. ಬೇರೆ ದೇಶದ ಬಳೆಯಾದರೆ ಯುರೋಪಿನ ಬಳೆಗಳ ಮಾಹಿತಿ ಸಂಗ್ರಹಿಸುವ ಯುರಿಂಗ್ ತಾಣದಲ್ಲೂ ವರದಿ ಮಾಡಬಹುದು. ನಿಮ್ಮ ಹಕ್ಕಿ ಹುಟ್ಟಿದ ಊರು ಖಚಿತವಾಗಿ ಗೊತ್ತಾಗುವ ಒಂದೇ ಸುಲಭ ದಾರಿ ಇದು. ಬಲೆಯ ದಾರ ಕಾಲಿಗೆ ಸುತ್ತಿಕೊಂಡ ಹಕ್ಕಿ ಕಂಡರೆ ಬೆನ್ನಟ್ಟಬೇಡಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಹೇಳಿ.

ಹೊರಡುವ ದಿನ ಹಿಡಿಯುವುದು

ಇಡೀ ಕೆಲಸದಲ್ಲಿ ಕಷ್ಟದ್ದು ಇದು, ಮತ್ತು ಜನ ತಪ್ಪು ತಿಳಿಯುವುದೂ ಇಲ್ಲೇ. ಬಂದ ಹಕ್ಕಿಯನ್ನು ಎಲ್ಲರೂ ಬರೆಯುತ್ತಾರೆ. ಹೋದದ್ದನ್ನು ಬರೆಯುವುದು ಹೇಗೆ? ಹಕ್ಕಿ ಇಲ್ಲದ ದಿನವೂ ಹೋಗಿ, ‘ಇಲ್ಲ’ ಎಂದು ಬರೆದರೆ ಮಾತ್ರ. ಮಾರ್ಚ್ 20ರಂದು ಕಂಡಿತು, ಆಮೇಲೆ ನೀವು ಹೋಗಲೇ ಇಲ್ಲ ಎಂದರೆ ಮಾರ್ಚ್ 20 ಹಕ್ಕಿ ಹೊರಟ ದಿನವಲ್ಲ, ನೀವು ಹೋಗುವುದನ್ನು ಬಿಟ್ಟ ದಿನ. ಅದರ ಬದಲು 20ರಂದು ಇತ್ತು, 23ರಂದು ಇಲ್ಲ, 26ರಂದೂ ಇಲ್ಲ, 30ರಂದೂ ಇಲ್ಲ ಎಂಬ ನಾಲ್ಕು ಸಾಲು ಇದ್ದರೆ ಅದು ದಾಖಲೆ.

ಕ್ರಮ ಹೀಗಿಟ್ಟುಕೊಳ್ಳಿ. ಶಿವರಾತ್ರಿ ಕಳೆದ ಮೇಲೆ ವಾರಕ್ಕೆ ಕನಿಷ್ಠ ಎರಡು ಭೇಟಿ, ಏಪ್ರಿಲ್ ಕೊನೆಯವರೆಗೆ. ಪ್ರತಿ ಸಲ ಅದೇ ಜಾಗ, ಅದೇ ಹೊತ್ತು, ಅಷ್ಟೇ ಸಮಯ. ಬೆಳಿಗ್ಗೆ ಏಳರಿಂದ ಒಂಬತ್ತು ಒಳ್ಳೆಯದು: ಬೆಳಗಿನ ಬೇಟೆಯೂ ಕಾಣುತ್ತದೆ, ಬಿಸಿಲೇರಿ ನೀರಿನ ಮೇಲೆ ಝಳ ಏಳುವ ಮುಂಚೆ ದೂರದ ಬೊಡ್ಡೆಗಳೂ ಸ್ಪಷ್ಟವಾಗಿರುತ್ತವೆ. ಮೊದಲು ಆಕಾಶ ನೋಡಬೇಡಿ, ಒಣಮರಗಳನ್ನು ಎಡದಿಂದ ಬಲಕ್ಕೆ ಒಂದೊಂದಾಗಿ ದುರ್ಬೀನಿನಲ್ಲಿ ನೋಡಿ. ದಿನಕ್ಕೆ ಮುನ್ನೂರು ನಾನ್ನೂರು ಗ್ರಾಂ ಮೀನು ಸಿಕ್ಕರೆ ಆಸ್ಪ್ರೇಗೆ ಸಾಕು, ಉಳಿದ ಹೊತ್ತೆಲ್ಲ ಸುಮ್ಮನೆ ಕೂತಿರುತ್ತದೆ. ಹಾರಾಟ ಕಾಯುತ್ತ ಕೂತವರಿಗೆ ‘ಇಲ್ಲ’ ಎನಿಸುವ ಹಕ್ಕಿ ಎಷ್ಟೋ ಸಲ ಇನ್ನೂರು ಮೀಟರ್ ದೂರದಲ್ಲಿ ಬೆನ್ನು ತಿರುಗಿಸಿ ಕೂತಿರುತ್ತದೆ.

ಹೊರಡುವ ದಿನಗಳಲ್ಲಿ ಬೆಳಿಗ್ಗೆ ಒಂಬತ್ತು, ಹತ್ತರ ಹೊತ್ತಿಗೆ ಬಿಸಿಗಾಳಿ ಏಳತೊಡಗಿದಾಗ ಹಕ್ಕಿ ವೃತ್ತ ಹೊಡೆಯುತ್ತ ಮೇಲೇರಿ, ಇಳಿಯದೆ ಒಂದೇ ದಿಕ್ಕಿಗೆ ಸಾಗಿದರೆ ಆ ದಿಕ್ಕನ್ನೂ ಸಮಯವನ್ನೂ ಬರೆದುಕೊಳ್ಳಿ. ಇದು ಕಣ್ಣಿಗೆ ಬೀಳುವುದು ಅಪರೂಪ. ಬೀಳದಿದ್ದರೆ ಬೇಸರ ಬೇಡ.

ಬರೆದದ್ದನ್ನು ಇಬರ್ಡ್‌ಗೆ, ಅಂದರೆ ಹಕ್ಕಿ ನೋಡುವವರು ತಾವು ಕಂಡ ಹಕ್ಕಿಗಳ ಪಟ್ಟಿ ಹಾಕುವ ಜಾಲತಾಣಕ್ಕೆ, ಹಾಕಿ. ಆ್ಯಪ್‌ನಲ್ಲಿ ನಿಮ್ಮ ಜಾಗದ ಹಾಟ್‌ಸ್ಪಾಟ್ (ಹಕ್ಕಿ ನೋಡುವ ಜಾಗವೆಂದು ಅದರಲ್ಲಿ ಗುರುತಿಸಿಟ್ಟ ಸ್ಥಳ) ಆರಿಸಿ, ಸಮಯ, ನಡೆದ ದೂರ ದಾಖಲಾಗಲಿ, ಕಂಡ ಎಲ್ಲ ಹಕ್ಕಿಗಳನ್ನೂ ಸೇರಿಸಿ. ಕೊನೆಯಲ್ಲಿ ‘ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಬರೆದಿದ್ದೀರಾ’ ಎಂಬ ಪ್ರಶ್ನೆಗೆ ಹೌದು ಎನ್ನಿ. ಆ ‘ಹೌದು’ ಇದ್ದರೆ ಮಾತ್ರ ಪಟ್ಟಿಯಲ್ಲಿ ಆಸ್ಪ್ರೇ ಇಲ್ಲದಿರುವುದಕ್ಕೆ ಅರ್ಥ ಬರುತ್ತದೆ. ಬರೀ ಆಸ್ಪ್ರೇ ಒಂದನ್ನೇ ಹಾಕಿದ ಪಟ್ಟಿಯಿಂದ ಫೋಟೊಗೆ ಮೆಚ್ಚುಗೆ ಸಿಗಬಹುದು, ವಲಸೆಯ ಲೆಕ್ಕಕ್ಕೆ ಉಪಯೋಗವಿಲ್ಲ. ಹಿನ್ನೀರಿನಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ಆ್ಯಪ್ ನಡೆಯುತ್ತದೆ, ಪೇಟೆಗೆ ಬಂದ ಮೇಲೆ ಕಳಿಸಿದರಾಯಿತು. ಟಿಪ್ಪಣಿಯಲ್ಲಿ ವಯಸ್ಸು, ಕೂತ ಮರ, ನೀರಿನ ಮಟ್ಟ ಇರಲಿ.

ಆಮೇಲೆ ಇಬರ್ಡ್‌ನ ಬಾರ್ ಚಾರ್ಟ್ ತೆರೆದು ಶಿವಮೊಗ್ಗ ಜಿಲ್ಲೆ ಆರಿಸಿ. ಪ್ರತಿ ತಿಂಗಳನ್ನು ನಾಲ್ಕು ಭಾಗ ಮಾಡಿ, ಯಾವ ವಾರ ಎಷ್ಟು ಪಟ್ಟಿಯಲ್ಲಿ ಹಕ್ಕಿ ಕಂಡಿದೆ ಎಂದು ಪಟ್ಟೆಗಳಲ್ಲಿ ತೋರಿಸುತ್ತದೆ. ಚಿಕ್ಕಮಗಳೂರನ್ನೂ ನೋಡಿ, ಲಕ್ಕವಳ್ಳಿ ಆ ಜಿಲ್ಲೆಗೆ ಸೇರಿದ್ದು. ಮಳೆಗಾಲದ ವಾರಗಳಲ್ಲಿ ಪಟ್ಟೆ ಇಲ್ಲದಿದ್ದರೆ ಹಕ್ಕಿ ಇಲ್ಲ ಎನ್ನುವ ಮುಂಚೆ ಆ ವಾರ ಎಷ್ಟು ಜನ ಪಟ್ಟಿ ಹಾಕಿದ್ದಾರೆ ನೋಡಿ. ಆಗುಂಬೆ ಮಳೆಯಲ್ಲಿ ದುರ್ಬೀನು ಹಿಡಿದು ಹೊರಗೆ ನಿಲ್ಲುವವರು ಕಡಿಮೆ.

ಇಲ್ಲೇ ಗೂಡು ಕಂಡರೆ?

ಮೀನು ಹಿಡಿಯುವ ಗಿಡುಗವೊಂದು ಹಿನ್ನೀರಿನ ಅಂಚಿನ ದೊಡ್ಡ ಮರದಲ್ಲಿ ಕಡ್ಡಿಯ ಗೂಡಿನ ಮೇಲೆ ಕೂತಿದ್ದರೆ ಅದು ಆಸ್ಪ್ರೇ ಅಲ್ಲ. ಬೂದುತಲೆಯ ಮೀನುಗಿಡುಗ ಇರಬಹುದು, ಗರುಡ ಇರಬಹುದು. ಇಬರ್ಡ್‌ನಲ್ಲಿ ಆಸ್ಪ್ರೇ ಹೆಸರಿನ ಮುಂದೆ ಗೂಡಿನ ಸಂಕೇತ ಒತ್ತುವ ಮೊದಲು ಮತ್ತೊಮ್ಮೆ ತಲೆಯ ಬಣ್ಣ ನೋಡಿ.

ಮಾರ್ಚ್‌ನಿಂದ ಮೇ ತನಕ ಭದ್ರಾ ಹಿನ್ನೀರಿನಲ್ಲಿ ನಿಜವಾಗಿ ಗೂಡಿನ ಸಂಭ್ರಮ ಇರುವುದು ರಿವರ್ ಟರ್ನ್‌ಗಳದು, ಅಂದರೆ ನದಿ ರೀವಗಳದು. ನೀರಿಳಿದು ತಲೆ ಎತ್ತಿದ ನಡುಗಡ್ಡೆಗಳ ಬರಿ ನೆಲದ ಮೇಲೆ ಗುಂಪಾಗಿ ಮೊಟ್ಟೆಯಿಡುತ್ತವೆ. ಮನುಷ್ಯ ಹತ್ತಿರ ಹೋದರೆ ಇಡೀ ಗುಂಪು ಮೇಲೆದ್ದು ಕೂಗುತ್ತದೆ, ಅಷ್ಟು ಹೊತ್ತು ಮೊಟ್ಟೆ ಬಿಸಿಲಿಗೆ ಬೇಯುತ್ತಿರುತ್ತದೆ. ಆಸ್ಪ್ರೇ ಬೆನ್ನು ಹತ್ತಿದ ದೋಣಿ ಈ ನಡುಗಡ್ಡೆಗಳ ಪಕ್ಕದಲ್ಲೇ ಸುತ್ತುವುದು ನನಗೆ ಸ್ವಲ್ಪವೂ ಸರಿ ಕಾಣುವುದಿಲ್ಲ. ದೋಣಿಯವರಿಗೆ ‘ಹತ್ತಿರ ಹೋಗಿ’ ಎಂದು ದುಂಬಾಲು ಬೀಳುವವರು ನಾವೇ ತಾನೆ. ಇಂಜಿನ್ ಆಫ್ ಮಾಡಿ ದೂರ ನಿಲ್ಲಿಸಿ ಎಂದು ಹೇಳುವುದೂ ನಮ್ಮ ಕೈಯಲ್ಲೇ ಇದೆ. ಕೂತ ಆಸ್ಪ್ರೇಯನ್ನು ಎಬ್ಬಿಸಿ ಹಾರಿಸುವುದು, ಡ್ರೋನ್ ಬಿಡುವುದು ಎರಡೂ ಬೇಡ. ಸಾವಿರಾರು ಕಿಲೋಮೀಟರ್ ಹೋಗಬೇಕಾದ ಹಕ್ಕಿ ಮಾರ್ಚ್‌ನಲ್ಲಿ ತಿಂದು ಕೊಬ್ಬು ಕೂಡಿಸಿಕೊಳ್ಳುತ್ತಿರುತ್ತದೆ.

ನಕಾಶೆಯಲ್ಲಿ ದಾರಿ ಓದುವುದು

ನಿಮ್ಮ ಹಕ್ಕಿಗೆ ಟ್ಯಾಗ್ ಇಲ್ಲ, ಹಾಗಾಗಿ ಅದರ ದಾರಿಯೇ ನಿಮಗೆ ಸಿಗುವುದಿಲ್ಲ. ಅದರ ಜಾತಿಯವು ಹೇಗೆ ಹೋಗುತ್ತವೆ ಎಂಬುದು ಸಿಗುತ್ತದೆ. ಎರಡು ತಾಣ ಸಾಕು. ಇಬರ್ಡ್‌ನ ಸ್ಥಿತಿಗತಿ ನಕಾಶೆಗಳು ವಾರ ವಾರಕ್ಕೆ ಹಕ್ಕಿ ಎಲ್ಲೆಲ್ಲಿ ದಟ್ಟವಾಗಿದೆ ಎಂದು ಚಲಿಸುವ ಚಿತ್ರವಾಗಿ ತೋರಿಸುತ್ತವೆ. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆ ನಡೆಸುವ ಮೂವ್‌ಬ್ಯಾಂಕ್‌ನಲ್ಲಿ ಪ್ಯಾಂಡಿಯಾನ್ ಹ್ಯಾಲಿಯೇಟಸ್ ಎಂಬ ವೈಜ್ಞಾನಿಕ ಹೆಸರನ್ನು ರೋಮನ್ ಲಿಪಿಯಲ್ಲಿ ಕೊಟ್ಟು ಹುಡುಕಿದರೆ ಟ್ಯಾಗ್ ಹಾಕಿದ ಒಂಟಿ ಹಕ್ಕಿಗಳ ಅಧ್ಯಯನಗಳು ಸಿಗುತ್ತವೆ. ಕೆಲವದರ ದಾರಿ ಎಲ್ಲರಿಗೂ ತೆರೆದಿದೆ, ಕೆಲವದರ ಹೆಸರು ಮಾತ್ರ ಕಾಣುತ್ತದೆ.

ದಾರಿ ಓದಲು ಕೆಲವು ಸುಳಿವು. ಚುಕ್ಕೆಗಳು ಒಂದೆಡೆ ಗುಂಪಾಗಿದ್ದರೆ ಹಕ್ಕಿ ಅಲ್ಲಿ ತಂಗಿದೆ, ಸುತ್ತ ಕೆರೆಯೋ ನದಿಯೋ ಇದೆಯೇ ಎಂದು ಉಪಗ್ರಹ ಚಿತ್ರದಲ್ಲಿ ನೋಡಿ. ಎರಡು ಚುಕ್ಕೆಗಳ ನಡುವಿನ ಉದ್ದನೆಯ ನೇರ ಗೆರೆ ಹಕ್ಕಿ ಹಾರಿದ ದಾರಿಯೇ ಎಂದುಕೊಳ್ಳಬೇಡಿ. ನಡುವೆ ಸಂಕೇತ ಬಂದಿಲ್ಲ, ಕಂಪ್ಯೂಟರ್ ಗೆರೆ ಎಳೆದಿದೆ, ಅಷ್ಟೆ. ಸೌರ ಟ್ಯಾಗ್‌ಗಳು ಮೋಡ ಕವಿದ ದಿನ ಸುಮ್ಮನಾಗುತ್ತವೆ. ಪ್ರಯಾಣದ ದಿನಗಳಲ್ಲಿ 200, 300 ಕಿ.ಮೀ. ಸಾಗುವುದು ಸಾಮಾನ್ಯ. ಬಿಸಿಗಾಳಿಯನ್ನೇ ನಂಬಿದ ದೊಡ್ಡ ಹದ್ದುಗಳು ಸಮುದ್ರವನ್ನು ಸುತ್ತಿ ಹೋಗುತ್ತವೆ. ಆಸ್ಪ್ರೇ ರೆಕ್ಕೆ ಬಡಿದುಕೊಂಡೇ ನೀರು ದಾಟಬಲ್ಲದು. ಚುಕ್ಕೆ ದಿನಗಟ್ಟಲೆ ಕದಲದಿದ್ದರೆ ಮೂರು ಸಾಧ್ಯತೆ: ಕಾವಿಗೆ ಕೂತಿದೆ, ಟ್ಯಾಗ್ ಬಿದ್ದುಹೋಗಿದೆ, ಇಲ್ಲವೇ ಹಕ್ಕಿ ಸತ್ತಿದೆ. ಕಾವಿಗೆ ಕೂತ ಹೆಣ್ಣು ಆಗಾಗ ಹತ್ತಿಪ್ಪತ್ತು ಮೀಟರ್ ಆಚೀಚೆ ಆದರೂ ಆಗುತ್ತದೆ.

ಓದಿನ ಅಭ್ಯಾಸಕ್ಕೆ ನಮ್ಮ ನಾಡಿಗೇ ಸಂಬಂಧಿಸಿದ ಹಳೆಯ ಎರಡು ದಾರಿ ಚೆನ್ನಾಗಿವೆ. 2013ರ ನವೆಂಬರ್‌ನಲ್ಲಿ ನಾಗಾಲ್ಯಾಂಡ್‌ನಲ್ಲಿ ಟ್ಯಾಗ್ ಹಾಕಿದ ಅಮುರ್ ಫಾಲ್ಕನ್‌ಗಳು ದಖ್ಖನ್ ದಾಟಿ ಅರಬ್ಬಿ ಸಮುದ್ರದ ಮೇಲಿಂದ ಆಫ್ರಿಕಕ್ಕೆ ಹೋದವು. 2020ರಲ್ಲಿ ಓನಾನ್ ಎಂಬ ಕೋಗಿಲೆ ಜಾತಿಯ ಹಕ್ಕಿ ಆಫ್ರಿಕದಿಂದ ಸಮುದ್ರ ದಾಟಿ ಭಾರತದ ಮೇಲಿಂದ ಮಂಗೋಲಿಯ ಸೇರಿತು. ಆಸ್ಪ್ರೇಯ ದಾರಿ ಇವಕ್ಕಿಂತ ಭಿನ್ನ, ಆದರೆ ಚುಕ್ಕೆ ಓದುವ ವಿದ್ಯೆ ಒಂದೇ.

ಮಳೆ ನಕ್ಷತ್ರದ ಲೆಕ್ಕದಲ್ಲಿ ಗೂಡು

ಮಳೆಗಾಲದ ಕೆಲಸ ಮನೆಯೊಳಗೆ, ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಇರುವ ಹೊತ್ತಿನಲ್ಲಿ. ಗೂಡಿನ ಮೇಲೆ ನೇರ ಕ್ಯಾಮೆರಾ ಇಟ್ಟವರು ಹಲವರಿದ್ದಾರೆ: ಸ್ಕಾಟ್ಲೆಂಡಿನ ಲಾಕ್ ಆಫ್ ದ ಲೋಸ್, ಇಂಗ್ಲೆಂಡಿನ ರಟ್‌ಲ್ಯಾಂಡ್ ವಾಟರ್, ವೇಲ್ಸ್‌ನ ಡವಿ, ಎಸ್ಟೋನಿಯದ ಕೋಟ್ಕಾಕ್ಲುಬಿ, ಅಮೆರಿಕದ ಮೊಂಟಾನಾದ ಹೆಲ್‌ಗೇಟ್. ಬ್ರಿಟನ್ನಿನ ಆಸ್ಪ್ರೇಗಳು ಚಳಿಗಾಲಕ್ಕೆ ಹೋಗುವುದು ಪಶ್ಚಿಮ ಆಫ್ರಿಕಕ್ಕೆ, ನಮ್ಮಲ್ಲಿಗಲ್ಲ. ಆದರೆ ಗೂಡಿನ ನಡವಳಿಕೆ ಎಲ್ಲ ಕಡೆ ಒಂದೇ. ಬ್ರಿಟನ್ ಆರಿಸಿಕೊಳ್ಳಲು ಇನ್ನೊಂದು ಕಾರಣ, ಅಲ್ಲಿ ಈ ಹಕ್ಕಿ ಗೂಡು ಕಟ್ಟುವುದು 1916ರ ಹೊತ್ತಿಗೆ ನಿಂತೇಹೋಗಿತ್ತು. 1954ರಲ್ಲಿ ಸ್ಕಾಟ್ಲೆಂಡಿನ ಲಾಕ್ ಗಾರ್ಟನ್‌ಗೆ ತಾನಾಗಿ ಮರಳಿತು, ರಟ್‌ಲ್ಯಾಂಡ್‌ನಲ್ಲಿ 1996ರಿಂದ ಮರಿಗಳನ್ನು ತಂದುಬಿಟ್ಟು 2001ರಲ್ಲಿ ಮೊದಲ ಸಂಸಾರ ಆಯಿತು. ಹಾಗಾಗಿ ಅಲ್ಲಿನವರು ಒಂದೊಂದು ಹಕ್ಕಿಯ ಲೆಕ್ಕವನ್ನೂ ಅಚ್ಚುಕಟ್ಟಾಗಿ ಇಡುತ್ತಾರೆ. ಬಳೆ ಎಡಗಾಲಿಗಿದ್ದರೆ ಸ್ಕಾಟ್ಲೆಂಡಿನದು, ಬಲಗಾಲಿಗಿದ್ದರೆ ಇಂಗ್ಲೆಂಡ್ ಅಥವಾ ವೇಲ್ಸ್‌ನದು.

ಸಮಯ ಹೊಂದಿಸಿಕೊಳ್ಳಬೇಕು. ಬೇಸಿಗೆಯಲ್ಲಿ ಬ್ರಿಟನ್ ನಮಗಿಂತ ನಾಲ್ಕೂವರೆ ತಾಸು ಹಿಂದೆ. ಅಲ್ಲಿ ಬೆಳಿಗ್ಗೆ ಐದಕ್ಕೆ ಮೊದಲ ಮೀನು ಬರುವಾಗ ಇಲ್ಲಿ ಒಂಬತ್ತೂವರೆ, ತಿಂಡಿ ಮುಗಿದ ಹೊತ್ತು. ಎಸ್ಟೋನಿಯ ಎರಡೂವರೆ ತಾಸು ಹಿಂದೆ. ಮೊಂಟಾನಾ ಹನ್ನೊಂದೂವರೆ ತಾಸು ಹಿಂದೆ, ಅಲ್ಲಿನ ಬೆಳಗು ನಮ್ಮ ಸಂಜೆ ಕಾಫಿಯ ಹೊತ್ತಿಗೆ.

ಇಂಗ್ಲಿಷ್ ತಿಂಗಳಿಗಿಂತ ನಮ್ಮ ಮಳೆ ನಕ್ಷತ್ರಕ್ಕೆ ಗೂಡಿನ ಕಾಲವನ್ನು ಜೋಡಿಸಿಕೊಂಡರೆ ನೆನಪಿಡುವುದು ಸುಲಭ. ಬ್ರಿಟನ್ನಿನ ಗೂಡುಗಳಿಗೆ ಯುಗಾದಿಯ ಆಸುಪಾಸಿನಲ್ಲಿ ಹಕ್ಕಿಗಳು ಬಂದು ಸೇರುತ್ತವೆ, ಸಾಮಾನ್ಯವಾಗಿ ಗಂಡು ಮೊದಲು. ಹಳೆಯ ಗೂಡಿಗೇ ಹೊಸ ಕಡ್ಡಿ ಸೇರಿಸುತ್ತವೆ. ಅಶ್ವಿನಿ ಮಳೆಯ ಹೊತ್ತಿಗೆ ಮೊಟ್ಟೆ, ಎರಡು ಮೂರು ದಿನದ ಅಂತರದಲ್ಲಿ ಒಂದೊಂದು, ಒಟ್ಟು ಹೆಚ್ಚಾಗಿ ಮೂರು. ಭರಣಿ, ಕೃತ್ತಿಕೆ ಪೂರ್ತಿ ಕಾವು. ಸುಮಾರು ಐದೂವರೆ ವಾರ. ಈ ಅವಧಿ ನೋಡಲು ಬೇಜಾರು ಎಂದು ಹಲವರು ಬಿಟ್ಟುಬಿಡುತ್ತಾರೆ. ನನಗೆ ಇಷ್ಟವಾಗುವುದು ಇದೇ. ಗಂಡು ಮೀನು ತಂದು, ತಲೆ ಕಡೆಯ ಅರ್ಧ ತಾನು ತಿಂದು, ಉಳಿದದ್ದನ್ನು ಹೆಣ್ಣಿಗೆ ಕೊಟ್ಟು ಕಾವಿಗೆ ಕೂರುತ್ತದೆ. ಹೆಣ್ಣು ಪಕ್ಕದ ಮರದಲ್ಲಿ ಕೂತು ಸಮಾಧಾನವಾಗಿ ಊಟ ಮುಗಿಸಿ ಬಂದು ಅದನ್ನು ಎಬ್ಬಿಸುತ್ತದೆ. ಗಂಡು ಕೆಲವೊಮ್ಮೆ ಏಳುವುದೇ ಇಲ್ಲ.

ರೋಹಿಣಿಯಲ್ಲಿ ಮರಿ ಒಡೆಯುತ್ತವೆ. ಮೊಟ್ಟೆಯಿಟ್ಟ ಅಂತರದಲ್ಲೇ ಮರಿಗಳೂ ಬರುವುದರಿಂದ ಕಿರಿಯದು ಚಿಕ್ಕದಾಗಿರುತ್ತದೆ. ಮೃಗಶಿರ, ಆರಿದ್ರದಲ್ಲಿ ಬೆಳವಣಿಗೆ ಕಣ್ಣೆದುರೇ ನಡೆಯುತ್ತದೆ. ಈ ಅವಧಿಯಲ್ಲಿ ದಿನಕ್ಕೆ ಎಷ್ಟು ಮೀನು ಬಂತು, ಯಾವ ಹೊತ್ತಿಗೆ, ಮೊದಲ ತುತ್ತು ಯಾವ ಮರಿಗೆ ಎಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಅಂಕಣ ಹಾಕಿ ಬರೆಯಿರಿ. ಶಾಲೆ ಶುರುವಾಗಿರುವ ಕಾಲ, ಮಕ್ಕಳಿಗೆ ಒಳ್ಳೆಯ ಕೆಲಸ. ಒಂದು ಎಚ್ಚರಿಕೆ: ಮಳೆ ಹಿಡಿದು ಮೀನು ಕಡಿಮೆಯಾದರೆ ಮೂರನೆಯ ಮರಿ ಸಾಯಬಹುದು, ಬೇರೆ ಬೇಟೆಗಾರ ಹಕ್ಕಿ ಮರಿಯನ್ನು ಒಯ್ಯಬಹುದು. ಕ್ಯಾಮೆರಾ ಇಟ್ಟವರು ಸಾಮಾನ್ಯವಾಗಿ ಕೈ ಹಾಕುವುದಿಲ್ಲ. ಮಕ್ಕಳ ಜೊತೆ ನೋಡುವವರು ಇದನ್ನು ಮೊದಲೇ ಹೇಳಿಡಿ.

ಪುನರ್ವಸುವಿನಲ್ಲಿ, ಹುಟ್ಟಿ ಏಳೆಂಟು ವಾರಕ್ಕೆ, ಮೊದಲ ಹಾರಾಟ. ಪುಷ್ಯ, ಆಶ್ಲೇಷಾ ಅಭ್ಯಾಸಕ್ಕೆ. ಊಟಕ್ಕೆ ಮಾತ್ರ ಗೂಡಿಗೆ ಬರುತ್ತವೆ. ಆಗಸ್ಟ್‌ನಲ್ಲಿ ಮೊದಲು ಹೊರಡುವುದು ತಾಯಿ. ತಂದೆ ಉಳಿದು ಮೀನು ತರುತ್ತಾನೆ. ಮಘೆ, ಹುಬ್ಬೆಯ ಹೊತ್ತಿಗೆ ಮರಿಗಳು ಒಂದೊಂದಾಗಿ, ಯಾರ ಜೊತೆಯೂ ಇಲ್ಲದೆ, ಎಂದೂ ನೋಡದ ದಾರಿಯಲ್ಲಿ ಹೊರಡುತ್ತವೆ. ದಿಕ್ಕು ಹುಟ್ಟಿನಿಂದಲೇ ಬಂದಿರುತ್ತದೆ.

ಇದು ಬ್ರಿಟನ್ನಿನ ಲೆಕ್ಕ. ಕೆರೆ ಹೆಪ್ಪುಗಟ್ಟುವ ಉತ್ತರದ ಸೀಮೆಗಳಲ್ಲಿ ಮಂಜುಗಡ್ಡೆ ಕರಗುವವರೆಗೆ ಮೀನೇ ಸಿಗದ ಕಾರಣ ಎಲ್ಲವೂ ಕೆಲವು ವಾರ ತಡ. ನಿಮ್ಮ ಹಿನ್ನೀರಿನ ಹಕ್ಕಿ ಏಪ್ರಿಲ್ ಅರ್ಧ ಕಳೆದರೂ ಹೊರಡದಿದ್ದರೆ ಅದಕ್ಕೂ ಇದೇ ಕಾರಣವಿರಬಹುದು.

ಹಸ್ತ, ಚಿತ್ತೆಗೆ ಮತ್ತೆ ದಡಕ್ಕೆ

ಸೆಪ್ಟೆಂಬರ್ ಮೂರನೆಯ ವಾರದಿಂದಲೇ ಭೇಟಿ ಶುರು ಮಾಡಿ, ಹಕ್ಕಿ ಬಂದಿರದಿದ್ದರೂ. ಇಲ್ಲಿಯೂ ‘ಇಲ್ಲ’ ಎಂಬ ಸಾಲುಗಳೇ ಮೊದಲ ದಿನಕ್ಕೆ ಬೆಲೆ ಕೊಡುವುದು. ಜಲಾಶಯ ತುಂಬಿರುವುದರಿಂದ ಮಾರ್ಚ್‌ನ ಬೊಡ್ಡೆಗಳೆಲ್ಲ ಮುಳುಗಿರುತ್ತವೆ. ಎತ್ತರದ ಒಣಮರಗಳನ್ನೂ ದಡದ ಮರಗಳ ಒಣಕೊಂಬೆಗಳನ್ನೂ ನೋಡಿ. ಮಳೆಯ ಕೆಂಪು ನೀರು ತಿಳಿಯಾಗದ ಕಡೆ ಹಕ್ಕಿ ನಿಲ್ಲುವುದು ಕಡಿಮೆ, ಆದ್ದರಿಂದ ಹೊಳೆ ಬಂದು ಸೇರುವ ಬಾಯಿಗಿಂತ ಅಣೆಕಟ್ಟಿನ ಕಡೆಯ ತಿಳಿನೀರು ಮೊದಲು ನೋಡುವುದು ಒಳ್ಳೆಯದು.

ಕಂಡ ಕೂಡಲೇ ಬೆನ್ನಿನ ಗರಿ ನೋಡಿ: ಬಿಳಿ ಅಂಚಿದ್ದರೆ ಈ ವರ್ಷದ ಮರಿ, ಮುಂದಿನ ಬೇಸಿಗೆಯಲ್ಲೂ ನಮ್ಮ ಕಡೆಯೇ ಸಿಗಬಹುದು. ಅಂಚಿಲ್ಲದಿದ್ದರೆ ನೆತ್ತಿಯ ಫೋಟೊ ತೆಗೆದು ಮಾರ್ಚ್‌ನ ಫೋಟೊ ಪಕ್ಕ ಇಟ್ಟು ಹೋಲಿಸಿ. ಮೊದಲು ಕಂಡ ಹಕ್ಕಿ ಇನ್ನೂ ತೆಂಕಣಕ್ಕೆ ಹೋಗುವ ದಾರಿಹೋಕ ಇರಲೂಬಹುದು. ಅದೇ ಹಕ್ಕಿ ಅದೇ ಮರದ ಮೇಲೆ ಒಂದು ವಾರ ಬಿಟ್ಟೂ ಕೂತಿದ್ದರೆ ಆಗ ಇಬರ್ಡ್ ಟಿಪ್ಪಣಿಯಲ್ಲಿ ‘ತಂಗಿದೆ’ ಎಂದು ಬರೆಯಿರಿ.